ಹಳೆ ಗಾಡಿ ಅಂದ್ರೆ ಸೋರಲೇಬೇಕಾ?

ನಮಸ್ಕಾರ. ಹುಬ್ಬಳ್ಳಿಯಿಂದ ಮಾತಾಡ್ತಿದ್ದೇನೆ. ಇವತ್ತು ಒಂದು ನಟ್ಟಿನ ವಿಷಯ. ಎಂಜಿನ್ ಅಡಿಯಲ್ಲಿ ಆಯಿಲ್ ಚೇಂಬರ್ ಇರುತ್ತದೆ, ಅದರ ತಳದಲ್ಲಿ ಡ್ರೇನ್ ನಟ್. ನಟ್ ಅಂತ ಕರೆದರೂ ಅದು ಬೋಲ್ಟೇ. ಹಳೆ ಆಯಿಲ್ ಇಳಿಸುವಾಗ ಬಿಚ್ಚುವುದು ಅದನ್ನೇ.

ನಮ್ಮ ಕಡೆ ಅಂಬಾಸಿಡರ್, ಪದ್ಮಿನಿ, ಮೊದಮೊದಲ ಮಾರುತಿ 800 ಪ್ರೀತಿಯಿಂದ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅವರ ಮನೆಗೆ ಹೋಗಿ ನೋಡಿ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ರಟ್ಟು ಹಾಸಿರುತ್ತಾರೆ, ಅದರ ತುಂಬ ಕಪ್ಪು ಕಲೆ. ಕೇಳಿದರೆ, "ಹಳೆ ಗಾಡಿ ಅಲ್ಲೇನ್ರೀ, ಅಷ್ಟು ಬಿಡತೈತಿ" ಅಂತ ನಗುತ್ತಾರೆ. ಕೆಲವರಿಗೆ ಅದೊಂದು ಹೆಮ್ಮೆ ಬೇರೆ! ಬಣ್ಣಕ್ಕೆ, ಬಂಪರಿನ ಕ್ರೋಮಿಗೆ, ಸೀಟ್ ಕವರಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಆ ನಟ್ಟಿಗೆ ಒಂದು ಹೊಸ ವಾಷರ್ ಮಾತ್ರ ಹಾಕಿಸುವುದಿಲ್ಲ.

ಎಲ್ಲ ಸೋರಿಕೆಯನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಅಂಬಾಸಿಡರಿನ ಹಳೆ 1489 ಸಿಸಿ ಪೆಟ್ರೋಲ್ ಎಂಜಿನ್ ತಗೊಳ್ಳಿ. ಅದು ಇಂಗ್ಲೆಂಡಿನ ಬಿಎಂಸಿ ಕಂಪನಿಯ ವಿನ್ಯಾಸ. ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ ಕ್ರ್ಯಾಂಕ್ ಶಾಫ್ಟ್. ಅದರ ಹಿಂದಿನ ತುದಿಗೆ ಈಗಿನ ಗಾಡಿಗಳಿಗಿರುವ ರಬ್ಬರ್ ಸೀಲ್ ಈ ಎಂಜಿನ್ನಿನಲ್ಲಿಲ್ಲ. ಶಾಫ್ಟಿನ ಮೇಲೆ ಸ್ಕ್ರೂವಿನಂಥ ಗೆರೆ ಕೊರೆದಿರುತ್ತಾರೆ. ಶಾಫ್ಟ್ ತಿರುಗುವಾಗ ಆ ಗೆರೆ ಆಯಿಲನ್ನು ಒಳಗೆ ವಾಪಸ್ ತಳ್ಳುತ್ತದೆ. ಎಂಜಿನ್ ನಿಂತ ಮೇಲೆ ತಳ್ಳುವವರು ಯಾರೂ ಇಲ್ಲ. ಸ್ವಲ್ಪ ಜಿನುಗುತ್ತದೆ, ಕ್ಲಚ್ಚಿನ ಹೌಸಿಂಗ್ ತಳದಲ್ಲಿರುವ ಸಣ್ಣ ತೂತಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಅದನ್ನು ಕ್ಷಮಿಸೋಣ. ಅದು ಆ ಎಂಜಿನ್ ಹುಟ್ಟಿದ ರೀತಿ.

ಡ್ರೇನ್ ನಟ್ ಹಾಗಲ್ಲ. ಅಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಪಂಪಿನ ಒತ್ತಡ ಕೂಡ ಇಲ್ಲ, ಮೇಲೆ ನಿಂತ ಆಯಿಲಿನ ಭಾರ ಅಷ್ಟೇ. ಒಂದು ನಟ್, ಒಂದು ವಾಷರ್, ಒಂದು ಸಪಾಟಾದ ಲೋಹ. ಅದು ಸೋರುತ್ತಿದೆ ಅಂದರೆ ಹೆಚ್ಚಿನ ಸಲ ಅದಕ್ಕೆ ನಾವೇ ಕಾರಣ, ಗಾಡಿ ಅಲ್ಲ.

ಹಾಗಂತ ತಕ್ಷಣ ನಟ್ಟಿಗೆ ಕೈ ಹಾಕಬೇಡಿ. ಮೇಲೆಲ್ಲೋ ಸೋರಿದ ಆಯಿಲ್ ಎಂಜಿನ್ ಮೈಮೇಲೆ ಇಳಿದು ಕೊನೆಗೆ ಬಂದು ನಿಲ್ಲುವುದು ಚೇಂಬರಿನ ಅತೀ ತಗ್ಗಾದ ಜಾಗದಲ್ಲೇ, ಅಂದರೆ ಈ ನಟ್ಟಿನ ತುದಿಯಲ್ಲೇ. ಎಂಜಿನ್ ತಲೆಯ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್ ಸೋರಿದರೂ ಬೈಸಿಕೊಳ್ಳುವುದು ನಟ್ಟೇ. ಇನ್ನು ನವಲಗುಂದ, ಅಣ್ಣಿಗೇರಿ ಕಡೆ ಎರೆ ಹೊಲದ ದಾರಿಯಲ್ಲಿ ಓಡಾಡಿದ ಗಾಡಿಯಾದರೆ ಕೇಳುವುದೇ ಬೇಡ. ಆಯಿಲೂ ಎರೆ ಮಣ್ಣೂ ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಅದನ್ನು ಕೆರೆದು, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ. ನಟ್ಟಿನ ಸುತ್ತ, ಅದರ ಮೇಲ್ಭಾಗದಲ್ಲಿ ಪೌಡರ್ ಉದುರಿಸಿ. ಮುಖಕ್ಕೆ ಹಚ್ಚುವ ಪೌಡರೇ ಸಾಕು. ಒಂದು ಸುತ್ತು ಓಡಿಸಿ ಬಂದು ನೋಡಿದರೆ ಆಯಿಲ್ ಎಲ್ಲಿಂದ ಇಳಿದಿದೆ ಅಂತ ಪೌಡರೇ ತೋರಿಸುತ್ತದೆ.

ನಟ್ಟಿನದೇ ತಪ್ಪು ಅಂತ ಖಾತ್ರಿ ಆಯಿತು ಅನ್ನಿ. ಆಗ ಶುರುವಾಗುತ್ತದೆ ನಮ್ಮ ದೊಡ್ಡ ರೋಗ. "ಇನ್ನೊಂದೀಟ ಟೈಟ್ ಮಾಡೋ ತಮ್ಮಾ!" ಹುಡುಗ ಪಾನಾಕ್ಕೆ ಒಂದು ಪೈಪ್ ಸಿಕ್ಕಿಸಿ ಜೋತು ಬೀಳುತ್ತಾನೆ. ಲೆಕ್ಕ ಹಾಕೋಣ. 14 ಎಂಎಂ ದಪ್ಪದ ಡ್ರೇನ್ ನಟ್ಟಿಗೆ ಸುಮಾರು 35 ನ್ಯೂಟನ್ ಮೀಟರ್ ಬಿಗಿ ಸಾಕು. ಒಂದು ಅಡಿ ಉದ್ದದ ಪಾನಾದ ತುದಿಯಲ್ಲಿ 12 ಕೆಜಿ ತೂಗಿದಷ್ಟು. ಎರಡು ಅಡಿ ಪೈಪ್ ಹಾಕಿ 30 ಕೆಜಿ ಭಾರ ಬಿಟ್ಟರೆ ಅದು ಐದು ಪಟ್ಟು ಆಗುತ್ತದೆ. ಆಯಿಲನ್ನು ತಡೆಯುವುದು ನಟ್ಟಿನ ಥ್ರೆಡ್, ಅಂದರೆ ಸುರುಳಿ ಗೆರೆ ಅಲ್ಲ, ವಾಷರ್. ವಾಷರ್ ಗಟ್ಟಿಯಾಗಿ ಸೆಟೆದಿದ್ದರೆ ನೀವೆಷ್ಟು ಬಿಗಿದರೂ ಅದು ಒತ್ತಿಕೊಂಡು ಕೂರುವುದಿಲ್ಲ. ಚೇಂಬರಿನ ಲೋಹ ಒಳಗೆ ತಗ್ಗುತ್ತದೆ, ಥ್ರೆಡ್ ಎಳೆದು ಹೋಗುತ್ತದೆ.

ಟೆಫ್ಲಾನ್ ಟೇಪ್ ಸುತ್ತುವುದೂ ಇದೇ ಕಾರಣಕ್ಕೆ ವ್ಯರ್ಥ. ಅದು ನಲ್ಲಿಗೆ ಸರಿ, ಇಲ್ಲಿಗಲ್ಲ. ಗ್ಯಾಸ್ಕೆಟ್ ಪೇಸ್ಟ್ ಮೆತ್ತಿದರೆ ಇನ್ನೂ ಅಪಾಯ. ಒಳಗೆ ಉಬ್ಬಿದ ಪೇಸ್ಟ್ ತುಂಡಾಗಿ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರಬಹುದು. ಹೊರಗಿನಿಂದ ಎಂ-ಸೀಲ್ ಹಚ್ಚುವವರೂ ಇದ್ದಾರೆ. ಜಿಡ್ಡಿನ ಮೇಲೆ ಅದು ಹಿಡಿಯುವುದೇ ಇಲ್ಲ, ಬಿಡಿ.

ಸರಿಯಾದ ಕೆಲಸ ಸಣ್ಣದು. ಗಾಡಿಯನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಬೆಚ್ಚಗಿನ ಆಯಿಲ್ ಇಳಿಸಿ. ಹಳೆ ವಾಷರ್ ಒಮ್ಮೊಮ್ಮೆ ಚೇಂಬರಿಗೇ ಅಂಟಿಕೊಂಡಿರುತ್ತದೆ. ಅದನ್ನು ನೋಡದೆ ಹೊಸದನ್ನು ಹಾಕಿದರೆ ಎರಡೆರಡು ವಾಷರ್ ಆಗಿ ಮತ್ತೆ ಸೋರುತ್ತದೆ. ಕೂರುವ ಜಾಗವನ್ನು ಬೆರಳಲ್ಲಿ ಸವರಿ ನೋಡಿ, ಗೀರು ಇದೆಯಾ ಅಂತ. ಹೊಸ ತಾಮ್ರದ ವಾಷರ್ ಹಾಕಿ. ಅಳತೆಯದು ಸಿಗಲಿಲ್ಲವಾ? ಹಳೆಯದನ್ನೇ ಇಕ್ಕಳದಲ್ಲಿ ಹಿಡಿದು ಮಂದ ಕೆಂಪಾಗುವ ತನಕ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಒತ್ತಿ ಒತ್ತಿ ಸೆಟೆದಿದ್ದ ವಾಷರ್ ಮತ್ತೆ ಒತ್ತಿದಲ್ಲಿ ಕೂರುತ್ತದೆ. ಟ್ರ್ಯಾಕ್ಟರ್, ಜೆಸಿಬಿಯ ಹೈಡ್ರಾಲಿಕ್ ಸಾಮಾನು ಮಾರುವ ಅಂಗಡಿಯಲ್ಲಿ ಡೌಟಿ ವಾಷರ್ ಕೇಳಿದರೂ ಆಯಿತು. ಉಕ್ಕಿನ ಬಳೆಯ ಒಳಗೆ ರಬ್ಬರ್ ಇರುತ್ತದೆ. ಸಣ್ಣಪುಟ್ಟ ಗೀರನ್ನು ಅದು ಮುಚ್ಚಿಕೊಳ್ಳುತ್ತದೆ. ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಪೂರ್ತಿ ಕೂರಿಸಿ. ಕೈಗೆ ಬಾರದಿದ್ದರೆ ಪಾನಾ ಹಾಕಬೇಡಿ, ಥ್ರೆಡ್ ಅಡ್ಡ ಹೋಗಿರುತ್ತದೆ.

ಇದಕ್ಕೆ ನಾನು ಮಿಸ್ತ್ರಿಗಳನ್ನು ಜಾಸ್ತಿ ಬೈಯುವುದಿಲ್ಲ. ಹತ್ತು ನಿಮಿಷ ಕೂತು ಆ ಜಾಗ ಒರೆಸಿದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ ಹೇಳಿ? ಬಿಲ್ಲಿನಲ್ಲಿ ಆಯಿಲಿನ ಡಬ್ಬಿ ಕಂಡರೆ ನಾವು ಸುಮ್ನೆ ಕೊಡುತ್ತೇವೆ, ಕೂಲಿ ಕಂಡರೆ ಚೌಕಾಸಿ.

"ಸೋರಿದಷ್ಟು ಮೇಲೆ ಹಾಕಿದ್ರಾತು" ಅನ್ನುವವರಿಗೆ ಒಂದು ಮಾತು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಕೂರಬೇಡಿ. ಅದು ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗ್‌ಗಳು ಒಣಗಲು ಶುರುವಾಗಿರುತ್ತವೆ.

ಥ್ರೆಡ್ ಆಗಲೇ ಹೋಗಿದ್ದರೆ? ಒಂದು ಸೈಜ್ ದೊಡ್ಡ, ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ನಟ್ ಕೊಡುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಲು ಅದು ಸಾಕು. ಆದರೆ ಅದು ನೆಟ್ಟಗೆ ಹೋಗುವುದು ಕಷ್ಟ, ಕೊರೆದ ಪುಡಿ ಚೇಂಬರಿನೊಳಗೇ ಬೀಳುತ್ತದೆ. ತಗಡಿನ ಚೇಂಬರ್ ಆದರೆ ಪೂರ್ತಿ ಇಳಿಸಿ, ಗೋಕುಲ ರೋಡಿನ ಯಾವುದಾದರೂ ಲೇತ್ ಅಂಗಡಿಗೆ ಒಯ್ದು ಒಳಗೆ ಥ್ರೆಡ್ ಇರುವ ಹೊಸ ಬಳೆ, ಅಂದರೆ ಬುಶ್ ಮಾಡಿಸಿ ಬೆಸುಗೆ ಹಾಕಿಸಿ. ಅಲ್ಯೂಮಿನಿಯಂ ಆದರೆ ಹೆಲಿಕಾಯಿಲ್, ಅಂದರೆ ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ ಹಾಕಿಸಿ. ಹೇಗೂ ಚೇಂಬರ್ ಇಳಿಸಿದ್ದೀರಿ, ಒಳಗಿನ ಜಾಲರಿ ತೊಳೆಯಿರಿ, ಗ್ಯಾಸ್ಕೆಟ್ ಹೊಸದು ಹಾಕಿ. ಇಳಿಸಿದ ಹಳೆ ಆಯಿಲನ್ನು ಮಾತ್ರ ಗಟಾರಕ್ಕೆ ಸುರಿಯಬೇಡಿ. ಡಬ್ಬಿಗೆ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.