ಕೊಳೆಯದ ದರಕು

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ದರಕು ಗುಡಿಸುವ ಕೆಲಸ. ಬೆಟ್ಟದಿಂದ ಒಣಗಿದ ಎಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಬೇಕು. ಅಲ್ಲಿಂದ ಗೊಬ್ಬರಗುಂಡಿಗೆ, ಗುಂಡಿಯಿಂದ ಅಡಿಕೆ ಮರದ ಬುಡಕ್ಕೆ. ಮೊನ್ನೆ ನಮ್ಮ ಗುಂಡಿ ಅಗೆಯುವಾಗ ಒಂದು ಎಲೆ ಕೈಗೆ ಬಂತು. ಹಾಕಿ ವರ್ಷವಾಗಿದೆ. ಮತ್ತಿ ಎಲೆ ಕರಗಿ ಕಪ್ಪು ಮಣ್ಣಾಗಿದೆ. ಇದು ಮಾತ್ರ ಕುಡುಗೋಲಿನ ಹಾಗೆ ಬಾಗಿಕೊಂಡು, ನರ ಸಮೇತ ಹಾಗೇ ಇದೆ. ಅಕೇಶಿಯಾ.

ನಿಜ ಹೇಳಬೇಕೆಂದರೆ ಅದು ಎಲೆಯೇ ಅಲ್ಲ. ಬೀಜ ಮೊಳೆತಾಗ ನೋಡಿ, ಮೊದಲು ಸೀಗೆ ಸೊಪ್ಪಿನಂಥ ಚಿಕ್ಕ ಚಿಕ್ಕ ಎಲೆ ಬರುತ್ತವೆ. ಆಮೇಲೆ ಅವು ನಿಂತು, ಎಲೆಯ ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ದಪ್ಪ, ಗಡುಸು. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿಯ ಮರ ಇದು.

ಇಲ್ಲಿಗೆ ತಾನಾಗಿ ನಡೆದು ಬರಲಿಲ್ಲ, ಅಲ್ವಾ? ಬ್ರಿಟಿಷರ ಕಾಲದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು, ಬಿಟ್ಟುಕೊಟ್ಟಿದ್ದರು. ವರ್ಷ ವರ್ಷ ಸೊಪ್ಪು ಕಡಿದೆವು, ದರಕು ಗುಡಿಸಿದೆವು, ದನ ಬಿಟ್ಟೆವು. ಬಿದ್ದ ಬೀಜ ಮರವಾಗಲು ಪುರಸೊತ್ತೇ ಸಿಗಲಿಲ್ಲ. ಬೆಟ್ಟ ಬೋಳಾದ ಮೇಲೆ, ಬೇಗ ಹಸಿರಾಗಲಿ ಎಂದು ಅಕೇಶಿಯಾ ನೆಟ್ಟದ್ದು. ದನ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಹತ್ತಿರ ಜನ ಮರ ಅಪ್ಪಿ ನಿಂತು ಕೊಡಲಿ ತಡೆದರು. ಅದೇ ತಾಲೂಕಿನ ನಾವು ಅಕೇಶಿಯಾಕ್ಕೆ ಖುಷಿಯಿಂದಲೇ ಜಾಗ ಬಿಟ್ಟೆವು.

ಯುಪಟೋರಿಯಂ ಎಂಬ ಹೊರಗಿನ ಕಳೆಗಿಡದ ಕಥೆಯೂ ಅಷ್ಟೇ. ದಟ್ಟ ಕಾಡಿನ ನೆರಳು ಅದಕ್ಕೆ ಆಗದು. ರಸ್ತೆಗೆಂದು ಗುಡ್ಡ ಕಡಿದಲ್ಲಿ, ಬೆಂಕಿ ಬಿದ್ದಲ್ಲಿ, ಮರುವರ್ಷವೇ ಹಾಜರು.

ಘಟ್ಟ ಇಳಿದರೆ ಕಾರವಾರ. ಅಲ್ಲಿನ ಗಾಳಿಮರ ಹಿಂದಿನಿಂದಲೂ ನಮ್ಮದೇ ಅಂದುಕೊಂಡವರು ಜಾಸ್ತಿ. ಅದೂ 1868ರ ಹೊತ್ತಿಗೆ ತಂದು ನೆಟ್ಟದ್ದೇ. ನನಗೂ ಅದರಡಿ ಸುಮ್ನೆ ಕೂರುವುದು ಇಷ್ಟ. ಆದರೆ ಕಾಲಿನಿಂದ ಕೆದಕಿ ನೋಡಿ. ಸೂಜಿಯಂಥ ಕಡ್ಡಿಗಳ ಹಾಸಿಗೆ. ಮರಳು ಹಿಡಿದಿಡುವ ಒಂದು ಬಳ್ಳಿ ಇದೆಯಲ್ಲ, ನೇರಳೆ ಬಣ್ಣದ ಹೂವಿನದು, ಆಡಿನ ಗೊರಸಿನಂಥ ಎಲೆಯದು, ಅದು ಈ ಹಾಸಿಗೆ ದಾಟಿ ಏಳುವುದಿಲ್ಲ. ರಾತ್ರಿ ಮೊಟ್ಟೆ ಇಡಲು ಬರುವ ಕಡಲಾಮೆ ಹಿಂಗಾಲಿನಿಂದ ಒಂದೂವರೆ ಅಡಿ ಗುಂಡಿ ತೋಡಬೇಕು. ಬೇರು ಅಡ್ಡ ಬಂದರೆ ಹಾಗೇ ಸಮುದ್ರಕ್ಕೆ ತಿರುಗುತ್ತದೆ.

ನಮ್ಮ ಬೆಟ್ಟದ ಒಂದು ಮೂಲೆಯಲ್ಲಿ ಮೂರು ವರ್ಷದ ಹಿಂದೆ ಅಕೇಶಿಯಾ ಕಡಿಸಿ, ದರಕು ಗುಡಿಸುವುದನ್ನೂ ನಿಲ್ಲಿಸಿದೆವು. ಮೊದಲು ಎದ್ದದ್ದು ಅಕೇಶಿಯಾ ಸಸಿಯೇ, ಚಾಪೆ ಹಾಸಿದ ಹಾಗೆ. ಕಿತ್ತೆವು. ಆಮೇಲೆ ಯುಪಟೋರಿಯಂ. ಅದನ್ನೂ ಕಿತ್ತೆವು. ಈ ಸಲ ಎಣಿಸಿದೆ, ಮತ್ತಿ 11, ನೇರಳೆ 4. ಮೊಣಕಾಲೆತ್ತರ. ಅಕೇಶಿಯಾ ಎಣಿಸಲು ಹೋಗಲಿಲ್ಲ, ಕಿತ್ತದ್ದೇ ಒಂದು ಹೊರೆಯಾಗಿತ್ತು. ಭಾನುವಾರ ಮತ್ತೆ ಹೋಗಬೇಕು.

ನಮಸ್ಕಾರ.