ಬೆರಳು ಒಂದು ಸಾಲಲ್ಲಿ, ಬಾಯಿ ಇನ್ನೊಂದು ಸಾಲಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು 26 ವರ್ಷ ಮಾಗಡಿ ಕಡೆಯ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವನು. ರಿಟೈರ್ ಆದಮೇಲೆ ಬೆಂಗಳೂರಿಗೆ ಬಂದು ವಿಜಯನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಇವತ್ತು ಒಬ್ಬಳು ಹುಡುಗಿಯ ವಿಷಯದಿಂದ ಮಾತು ಶುರು ಮಾಡುತ್ತೇನೆ.

ಐದನೇ ತರಗತಿಯ ಹುಡುಗಿ. ಪಾಠ ಓದಮ್ಮ ಅಂದರೆ ಸಾಕು, ಎದ್ದು ನಿಂತು ಎಲ್ಲೂ ತಡವರಿಸದೆ ಗಳಗಳ ಅಂತ ಓದಿಬಿಡುತ್ತಿದ್ದಳು. ಶಾಲೆ ನೋಡಲು ಯಾರಾದರೂ ಬಂದರೆ ನಾನು ಅವಳನ್ನೇ ಎಬ್ಬಿಸುತ್ತಿದ್ದೆ. ಒಂದು ಮಧ್ಯಾಹ್ನ ಊಟ ಆದಮೇಲೆ ಮಕ್ಕಳ ಜೊತೆ ನೆಲದ ಮೇಲೆ ಕೂತಿದ್ದೆ, ಅವಳು ನನ್ನ ಪಕ್ಕದಲ್ಲೇ ಓದುತ್ತಿದ್ದಳು. ಆಗ ಅವಳ ಬೆರಳು ಕಣ್ಣಿಗೆ ಬಿತ್ತು. ಬಾಯಿ ಆರನೇ ಸಾಲು ಹೇಳುತ್ತಿತ್ತು, ಬೆರಳು ಇನ್ನೂ ನಾಲ್ಕನೇ ಸಾಲಿನಲ್ಲಿತ್ತು. ಪಾಠದ ಮಧ್ಯದ ಒಂದು ಪದ ತೋರಿಸಿ, ಇದೇನು ಹೇಳು ಅಂದೆ. 'ಪುಸ್ತಕ' ಅಂತಿತ್ತು. ಸುಮ್ಮನಾದಳು. ತುಂಬಾ ಹೊತ್ತಾದ ಮೇಲೆ 'ಪು... ಸ... ಕ' ಅಂದಳು. ಕೆಳಗಿನ ಒತ್ತಕ್ಷರ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಬೇರೆಯವರು ಓದುವುದನ್ನು ಕೇಳಿ ಕೇಳಿ ಇಡೀ ಪಾಠವನ್ನು ಬಾಯಿಪಾಠ ಮಾಡಿದ್ದಳು.

ಅವಳು ಒಂದನೇ ತರಗತಿಯಿಂದ ನಮ್ಮ ಶಾಲೆಯಲ್ಲೇ ಇದ್ದವಳು. ದಡ್ಡಿ ಅಲ್ಲ. ಪುಸ್ತಕ ಪೂರ್ತಿ ಬಾಯಿಪಾಠ ಮಾಡುವ ಮಗು ದಡ್ಡಿ ಹೇಗಾಗುತ್ತೆ? ನೋಡದೇ ಇದ್ದದ್ದು ನಾನು. ಮಾರನೇ ದಿನ ನಾಲ್ಕು, ಐದನೇ ತರಗತಿಯ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳದು ಹೆಚ್ಚುಕಡಿಮೆ ಇದೇ ಕಥೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 2005ರಿಂದ ಪ್ರಥಮ್ ಅನ್ನುವ ಸಂಸ್ಥೆಯವರು ಅಸರ್ ಅಂತ ಒಂದು ಸಮೀಕ್ಷೆ ಮಾಡಿಸುತ್ತಿದ್ದಾರೆ. ಹಳ್ಳಿಯ ಮನೆಗಳಿಗೇ ಹೋಗಿ ಮಗುವಿನ ಕೈಗೆ ಓದುವ ಹಾಳೆ ಕೊಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಸಣ್ಣ ಪದಗಳು, ನಾಲ್ಕು ಸಾಲಿನ ಒಂದು ಪ್ಯಾರಾ, ಒಂದು ಪುಟ್ಟ ಕಥೆ, ಇಷ್ಟೇ. ಆ ಕಥೆ ಎರಡನೇ ತರಗತಿಯ ಮಟ್ಟದ್ದು. ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಆ ಕಥೆ ಓದಲು ಬರುವುದಿಲ್ಲ, ವರ್ಷ ವರ್ಷ ಹೀಗೇ ಬರುತ್ತಿದೆ. ಓದಲು ಬಾರದ ಮಗುವಿಗೆ ಪರಿಸರ ಅಧ್ಯಯನವೂ ಬರುವುದಿಲ್ಲ, ಗಣಿತದ ವಾಕ್ಯದ ಲೆಕ್ಕವೂ ಬರುವುದಿಲ್ಲ, ಯಾಕೆಂದರೆ ಲೆಕ್ಕ ಏನು ಕೇಳುತ್ತಿದೆ ಅಂತ ಮೊದಲು ಓದಬೇಕಲ್ವಾ?

ಹಾಗಾದರೆ ಏನು ಮಾಡಬೇಕು? ನಾನು ಹೇಳುವುದು ಒಂದೇ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಕಲಿಸಿ. ಪಠ್ಯ ಎಲ್ಲಿಗೆ ಬಂದಿದೆ ಅನ್ನುವುದು ಆಮೇಲೆ. ದಿನಕ್ಕೆ ಒಂದು ಗಂಟೆ ತರಗತಿ ಅನ್ನುವುದನ್ನೇ ಮರೆತುಬಿಡಿ. ಮೂರು, ನಾಲ್ಕು, ಐದರ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಅಕ್ಷರದಲ್ಲಿ ನಿಂತವರು ಒಂದು ಗುಂಪು, ಪದದಲ್ಲಿ ನಿಂತವರು ಒಂದು ಗುಂಪು, ಕಥೆ ಓದುವವರು ಇನ್ನೊಂದು ಗುಂಪು ಅಂತ ಮಾಡಿ, ಒಂದೊಂದು ಗುಂಪಿಗೂ ಅದರದೇ ಕೆಲಸ ಕೊಡಿ. ಪ್ರಥಮ್‌ನವರು ಈ ಕ್ರಮವನ್ನು ಬೇರೆ ಬೇರೆ ರಾಜ್ಯಗಳಲ್ಲಿ ಮಾಡಿದ್ದಾರೆ. ಇದರಿಂದ ಓದು ಸುಧಾರಿಸುತ್ತದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿ ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದಾರೆ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ನಮ್ಮ ರಾಜ್ಯದಲ್ಲೂ ನಾಲ್ಕು, ಐದನೇ ತರಗತಿಗೆ 'ಓದು ಕರ್ನಾಟಕ' ಅಂತ ಇದೇ ದಾರಿಯ ಕಾರ್ಯಕ್ರಮ ಬಂತು. ದುಡ್ಡು ಜಾಸ್ತಿ ಬೇಡ. ಐದನೆಯವನು ಮೂರನೆಯವರ ಜೊತೆ ಕೂತರೆ ಅವಮಾನ ಅಂತ ಮನೆಯವರಿಗೆ ಅನಿಸುತ್ತೆ, ಅದನ್ನು ಕೂತು ಮಾತಾಡಿ ಬಗೆಹರಿಸಬೇಕು. ಮಕ್ಕಳಿಗೆ ಹಾಗೆ ಅನಿಸಿದ್ದನ್ನು ನಾನಂತೂ ಎರಡು ದಿನಕ್ಕಿಂತ ಜಾಸ್ತಿ ನೋಡಿಲ್ಲ.

ನಲಿಕಲಿ ನಿಮಗೆ ಗೊತ್ತಿರಬಹುದು, ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳು ನಲಿಯುತ್ತ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿಯನ್ನು ನೋಡಿ, ನಮ್ಮ ಶಿಕ್ಷಕರೇ ಕಾರ್ಡುಗಳನ್ನು ಬರೆದು ಕಟ್ಟಿದ್ದು. ಅದರಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೀ ಐದು ಅಕ್ಷರ. ಅಷ್ಟರಲ್ಲೇ ಮಗು ಸರ, ಅರಸ, ಅಗಸ, ಗರಗಸ ಅಂತ ಓದಿಬಿಡುತ್ತೆ. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ, ಕೆಲವೇ ದಿನದಲ್ಲಿ ನನಗೆ ಓದಲು ಬರುತ್ತೆ ಅನ್ನುವ ಖುಷಿ ಸಿಗುತ್ತೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರೇ ಮಾಡಿದ ಚಿತ್ರ. ಕಲಿಯುವ ಹಂತಗಳನ್ನು ಏಣಿಯ ಹಾಗೆ ಜೋಡಿಸಿರುತ್ತಾರೆ, ಯಾವ ಮಗು ಆ ಏಣಿಯ ಯಾವ ಮೆಟ್ಟಿಲಲ್ಲಿದೆ ಅಂತ ಮಗುವಿಗೇ ಗೊತ್ತಿರುತ್ತೆ, ಒಂದು ವಾರ ಶಾಲೆ ತಪ್ಪಿಸಿದರೂ ಬಂದು ಬಿಟ್ಟಲ್ಲಿಂದಲೇ ಶುರು ಮಾಡುತ್ತೆ. ರಾಗಿ ಕಟಾವಿಗೆ, ಜಾತ್ರೆಗೆ, ತಮ್ಮನನ್ನು ನೋಡಿಕೊಳ್ಳಲು ಅಂತ ಮನೆಯಲ್ಲಿ ಉಳಿಯುವ ಹಳ್ಳಿ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಾ?

ಆದರೆ ಒತ್ತಕ್ಷರದ ಹತ್ತಿರ ಬಂದಾಗ ನಾವು ಅವಸರ ಮಾಡುತ್ತೇವೆ. ನನ್ನ ಅನುಭವದಲ್ಲಿ ಮಕ್ಕಳು ಕೈಬಿಡುವುದು ಅಲ್ಲೇ. ಆ ಹುಡುಗಿಗೆ ನಾನು ಮಾಡಿಸಿದ್ದು ಇಷ್ಟೇ. 'ಅಕ್ಕ, ಅಪ್ಪ, ಅಜ್ಜ, ಹಬ್ಬ' ಅಂತ ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳನ್ನು ಮೊದಲು ಓದಿಸಿದೆ. ಅದು ಗಟ್ಟಿಯಾದ ಮೇಲೆ 'ಪುಸ್ತಕ, ರಸ್ತೆ, ನಿಲ್ದಾಣ' ಅಂತ ಬೇರೆ ಅಕ್ಷರದ ಒತ್ತು ಬರುವ ಪದಗಳು. ದಿನಾ ಹತ್ತು ನಿಮಿಷ. ದೀಪಾವಳಿ ರಜೆ ಮುಗಿಸಿ ಬಂದವಳು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಮೊದಲಿನ ಗಳಗಳ ಹೋಗಿತ್ತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಹೇಳಲು ಆಗುವುದಿಲ್ಲ.

ಲೆಕ್ಕದಲ್ಲೂ ಹಾಗೇ. 42ರಲ್ಲಿ 17 ಕಳೆ ಅಂದರೆ ತುಂಬಾ ಮಕ್ಕಳು 35 ಅಂತ ಬರೆಯುತ್ತಾರೆ. ಸುಮ್ನೆ ತಪ್ಪು ಗೀಟು ಹಾಕಿ ಮುಂದೆ ಹೋಗಬೇಡಿ, ಹೇಗೆ ಮಾಡಿದೆ ಅಂತ ಕೇಳಿ. 'ಏಳರಲ್ಲಿ ಎರಡು ಹೋದರೆ ಐದು ಸಾರ್' ಅನ್ನುತ್ತಾರೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದೇವಲ್ಲ, ಅದನ್ನೇ ಪಾಲಿಸಿದ್ದಾರೆ. ಪೊರಕೆ ಕಡ್ಡಿಗಳನ್ನು ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಈಗ ಏಳು ಬಿಡಿ ಕಡ್ಡಿ ಕೊಡು ಅಂದರೆ ಮಗು ನಮ್ಮ ಮುಖ ನೋಡುತ್ತೆ, ಕಡ್ಡಿ ನೋಡುತ್ತೆ, ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತೆ. ಸಾಲ ತಗೊಳ್ಳುವುದು ಅಂತ ನಾವು ಬೋರ್ಡಿನ ಮೇಲೆ ನೂರು ಸಲ ಹೇಳುವುದು ಆ ಒಂದು ಗಳಿಗೆಯಲ್ಲಿ ಅರ್ಥವಾಗಿಬಿಡುತ್ತೆ.

ಶಿಕ್ಷಕರ ಕಷ್ಟವನ್ನೂ ಹೇಳಬೇಕು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನುತ್ತೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅಂದರೆ ಐದು ತರಗತಿಗೆ ಇಬ್ಬರು. ಅವರಲ್ಲಿ ಒಬ್ಬರು ಮೀಟಿಂಗಿಗೆ ಹೋದರೆ ಉಳಿದವರಿಗೆ ಐದೂ ತರಗತಿ. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತಲೂ ಅದೇ ಕಾಯ್ದೆಯಲ್ಲಿದೆ. ಊರಿನವರು, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಈ ಮಾತನ್ನು ಸಭೆಯಲ್ಲಿ ಗಟ್ಟಿಯಾಗಿ ಎತ್ತಬೇಕು. ಬಿಸಿಯೂಟ, ಹಾಲು, ಮೊಟ್ಟೆ ಬಂದಿದೆ, ಹೊಟ್ಟೆ ತುಂಬಿದ ಮಗು ಕೂತು ಕೇಳುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎಷ್ಟೋ ತಾಯಂದಿರು ಬೆಳಗ್ಗೆ ಬೇಗ ಗಾರ್ಮೆಂಟ್ಸ್ ವ್ಯಾನ್ ಹತ್ತಿ ಹೋದರೆ ಬರುವುದು ಕತ್ತಲಾದ ಮೇಲೆ. 'ನಮಗೆ ಓದು ಬರಲ್ಲ ಸಾರ್, ನಾವೇನು ಹೇಳ್ಕೊಡೋದು' ಅನ್ನುತ್ತಾರೆ. ನಾನು ಅವರಿಗೆ ಹೇಳುತ್ತಿದ್ದೆ, ಹೇಳಿಕೊಡಬೇಡಿ ತಾಯಿ, ಕೇಳಿಸಿಕೊಳ್ಳಿ. ನೀವು ಮುದ್ದೆ ತಿರುವುವಾಗ ಮಗು ಪಕ್ಕದಲ್ಲಿ ಕೂತು ಒಂದು ಪುಟ ಜೋರಾಗಿ ಓದಲಿ. ಎಲ್ಲಿ ತಡವರಿಸಿತು ಅಂತ ಅಕ್ಷರ ಬಾರದವರಿಗೂ ಕಿವಿಗೆ ಗೊತ್ತಾಗುತ್ತೆ. ಮುಗಿದ ಮೇಲೆ ಕಥೆಯಲ್ಲಿ ಏನಾಯಿತು ಅಂತ ಕೇಳಿ, ಅಷ್ಟು ಸಾಕು.

ಕೊನೆಗೆ ಬೆಂಗಳೂರಿನಲ್ಲಿರುವ ನಿಮಗೆ. ತಮ್ಮೂರ ಶಾಲೆಗೆ ಏನಾದರೂ ಮಾಡಬೇಕು ಅನ್ನುವವರು ಇಲ್ಲಿ ತುಂಬಾ ಜನ ಇದ್ದಾರೆ, ಬಣ್ಣ ಹೊಡೆಸುತ್ತೀರಿ, ಬೆಂಚು ಕೊಡಿಸುತ್ತೀರಿ, ದೊಡ್ಡ ಟಿವಿ ಹಾಕಿಸುತ್ತೀರಿ. ಅದು ಬೇಡ ಅನ್ನುವುದಿಲ್ಲ. ಆದರೆ ಮೊದಲು ಪುಸ್ತಕ ಕೊಡಿ. ಪಠ್ಯಪುಸ್ತಕ ಅಲ್ಲ, ಕಥೆ ಪುಸ್ತಕ, ಪುಟಕ್ಕೆ ಎರಡೇ ಸಾಲು ಇರುವಂಥದ್ದು. 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಪ್ರಥಮ್ ಬುಕ್ಸ್ ಕನ್ನಡದಲ್ಲಿ ಅಂಥ ಪುಸ್ತಕಗಳನ್ನು ಕಡಿಮೆ ಬೆಲೆಗೆ ತರುತ್ತದೆ, ಅವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿಯೂ ಓದಬಹುದು.

ಕೊಟ್ಟು ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ. ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಹರಿದುಹೋದರೆ ದಾಸ್ತಾನು ರಿಜಿಸ್ಟರಿಗೆ ಯಾರು ಉತ್ತರ ಹೇಳುವುದು ಅಂತ ಹೆಡ್‌ಮಾಸ್ಟರಿಗೆ ಭಯ. ಹರಿದರೆ ಇನ್ನೊಂದು ತಂದುಕೊಡುತ್ತೇನೆ ಅಂತ ನೀವು ಅವರಿಗೆ ಧೈರ್ಯ ಹೇಳಿ. ಯುಗಾದಿಗೆ ಊರಿಗೆ ಹೋದಾಗ, ಹಬ್ಬದ ಹಿಂದೆ ಮುಂದೆ ಶಾಲೆ ಇರುವ ದಿನ ನೋಡಿಕೊಂಡು, ಒಂದು ಗಂಟೆ ಜಗಲಿ ಮೇಲೆ ಕೂತು ಒಂದು ಮಗುವಿನ ಓದು ಕೇಳಿ. ಬೆರಳು ಯಾವ ಸಾಲಿನಲ್ಲಿದೆ ಅಂತ ನೋಡಿ.

ನಮಸ್ಕಾರ.