ಕೇಬಲ್ ಬಿಡಿ ಅಂದೆ, ಐದು ಆ್ಯಪ್ ಕಟ್ಟಿ ಅಂದೆನಾ?

ನಮಸ್ಕಾರ್ರಿ ಎಲ್ಲರಿಗೂ, ಬಾಗಲಕೋಟೆ ನವನಗರದಿಂದ ನಿಮ್ಮ ಹುಡುಗ. ಫ್ಯಾನಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಈ ಬಿಸಿಲಲ್ಲಿ ಅದನ್ನು ಆರಿಸಿ ವಿಡಿಯೋ ಮಾಡೋ ತಾಕತ್ತು ನನಗಿಲ್ಲ.

ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, "ನಿನ್ನ ಮಾತು ಕೇಳಿ ಕೇಬಲ್ ತೆಗೆಸಿದೆ, ಈಗ ಮೊದಲಿಗಿಂತ ಜಾಸ್ತಿ ಖರ್ಚು" ಅಂತ. ಅದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕ್ ಬೇರೆ! ಅಣ್ಣಾರೆ, ಯಾವ್ಯಾವ ಆ್ಯಪ್ ತಗೊಂಡಿದ್ದೀರಿ ಅಂತ ಕೇಳಿದೆ. ಪಟ್ಟಿ ಬಂತು. ಜಿಯೋಹಾಟ್‌ಸ್ಟಾರ್, ಝೀ5, ಸನ್ ನೆಕ್ಸ್ಟ್, ಪ್ರೈಮ್, ನೆಟ್‌ಫ್ಲಿಕ್ಸ್. ಐದೂ ಒಟ್ಟಿಗೆ, ಐದಕ್ಕೂ ಆಟೋಪೇ, ಅಂದರೆ ಕೇಳದೇ ತಾನಾಗೇ ದುಡ್ಡು ಕಡಿತ. ಒಂದು ಊಟ ಮಾಡೋಕೆ ಹೋಗಿ ಊರಿನ ಎಲ್ಲ ಖಾನಾವಳಿಗೂ ತಿಂಗಳ ದುಡ್ಡು ಕಟ್ಟಿ ಬಂದರೆ ತಪ್ಪು ಯಾರದು, ನಂದಾ?

ನಾನು ಹೇಳೋದು ಒಂದೇ ಮಾತು. ಒಂದು ತಿಂಗಳು, ಒಂದು ಆ್ಯಪ್. ನೋಡೋದು ಮುಗೀತಾ, ತೆಗೀರಿ, ಮುಂದಿನ ತಿಂಗಳು ಇನ್ನೊಂದು. ಚಾನೆಲ್‌ನಲ್ಲಾದರೆ ಸಿನಿಮಾ ಒಂದು ಸಲ ತಪ್ಪಿದರೆ ಹೋಯಿತು. ಆ್ಯಪ್‌ನಲ್ಲಿ ಈ ತಿಂಗಳು ಬಂದ ಸಿನಿಮಾ ಮುಂದಿನ ತಿಂಗಳೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದಕ್ಕೇನು ಕಾಲಿದೆಯಾ ಓಡಿಹೋಗೋಕೆ?

"ಅವ್ವನ ಸೀರಿಯಲ್ ದಿನಾ ಬೇಕಲ್ಲ್ರಿ" ಅಂತೀರಿ. ಸರಿ, ಅವ್ವ ಯಾವ ಚಾನೆಲ್ ನೋಡ್ತಾರೆ, ಅದನ್ನು ಯಾರಾದರೂ ಕೇಳಿದ್ದೀರಾ? ಝೀ ಕನ್ನಡ ಆದರೆ ಝೀ5. ಉದಯ ಆದರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲೇ ಸಿಗುತ್ತವೆ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಕೂಡಿ ಒಂದೇ ಆದವಲ್ಲ, ಅದರಿಂದ. ಅಂದರೆ ಅವ್ವನಿಗೆ ಒಂದು ಆ್ಯಪ್. ಅದು ಇರಲಿ, ತೆಗೀಬೇಡಿ, ಮನೆಯಲ್ಲಿ ಊಟ ಸಿಗಬೇಕಲ್ಲ. ನಾನು ಹೇಳ್ತಿರೋದು ಉಳಿದ ನಾಲ್ಕರ ಬಗ್ಗೆ!

ಇನ್ನು ಆಟೋಪೇ. ನನಗೆ ಮೈ ಉರಿಯೋದೇ ಇಲ್ಲಿ. ದುಡ್ಡು ಕಡಿತ ಆಗೋಕೆ 24 ಗಂಟೆ ಮೊದಲು ಮೆಸೇಜ್ ಕಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮೆಸೇಜ್ ಬರುತ್ತದೆ ಕೂಡ. ಓದೋರು ಯಾರು? ಲೋನ್ ಬೇಕಾ ಅನ್ನೋ ಮೆಸೇಜ್ ರಾಶಿಯಲ್ಲಿ ಅದೂ ಒಂದು. ಫೋನ್‌ಪೇ, ಗೂಗಲ್ ಪೇ ಎರಡರಲ್ಲೂ ಆಟೋಪೇ ಅಂತಲೇ ಒಂದು ಜಾಗ ಇದೆ. ಈಗಲೇ ತೆಗೆದು ನೋಡಿ. ಬೇಡ, ವಿಡಿಯೋ ಮುಗಿದ ಮೇಲೆ ನೋಡಿ, ವಾಚ್ ಟೈಮ್ ಹೋಗುತ್ತದೆ. ದುಡ್ಡು ಕಟ್ಟಿದ ದಿನವೇ ಆಟೋಪೇ ರದ್ದು ಮಾಡಿದರೂ, ಸಾಮಾನ್ಯವಾಗಿ ಆ ತಿಂಗಳು ಪೂರ್ತಿ ನೋಡಬಹುದು. ಗೆಳೆಯರ ಫೋನ್ ಇಸಿದುಕೊಂಡು ನೋಡಿದ್ದೇನೆ, ಆ್ಯಪ್ ಡಿಲೀಟ್ ಮಾಡಿ ಎಷ್ಟೋ ಕಾಲ ಆಗಿದೆ, ದುಡ್ಡು ಮಾತ್ರ ಹೋಗ್ತಾನೇ ಇದೆ. ಆ್ಯಪ್ ಡಿಲೀಟ್ ಮಾಡಿದರೆ ಆಟೋಪೇ ಸಾಯೋದಿಲ್ಲ ಮಾರಾಯ್ರಾ!

"ವರ್ಷದ ಪ್ಲಾನ್ ತಗೊಂಡರೆ ಅಗ್ಗ" ಅಂತ ಒಬ್ಬರು. ಹೌದು, ವರ್ಷಪೂರ್ತಿ ನೋಡಿದರೆ ಅಗ್ಗ. ನೀವು ನೋಡೋದು ಒಂದು ವೆಬ್ ಸೀರೀಸ್, ಅದೂ ಎರಡನೇ ಎಪಿಸೋಡಿಗೆ ನಿದ್ದೆ. "ಕ್ರಿಕೆಟ್?" ಅಂತ ಇನ್ನೊಬ್ಬರು. ಐಪಿಎಲ್ ಎರಡು ತಿಂಗಳು ನಡೆಯುತ್ತದೆ, ಎರಡು ತಿಂಗಳು ಕಟ್ಟಿ, ಆಮೇಲೆ ತೆಗೀರಿ. "ಕರೆಂಟ್ ಹೋದರೆ ವೈಫೈ ಹೋಗುತ್ತದೆ." ಕರೆಂಟ್ ಹೋದರೆ ನಿಮ್ಮ ಕೇಬಲ್ ಟಿವಿ ಏನು ಎಣ್ಣೆ ಹಾಕಿ ಓಡಿಸ್ತಿದ್ದಿರಾ? "ಟೆಲಿಗ್ರಾಂನಲ್ಲಿ ಫ್ರೀ ಸಿಗುತ್ತದೆ." ಅದು ಕಳ್ಳ ಮಾಲು, ಮುಂದೆ ಹೋಗೋಣ.

ಫ್ರೀ ಅಂದಾಗ ನೆನಪಾಯಿತು. ಡಿಡಿ ಫ್ರೀ ಡಿಶ್ 2004ರಿಂದ ಇದೆ. ಡಿಶ್, ಸೆಟ್‌ಟಾಪ್ ಬಾಕ್ಸ್‌ಗೆ ಒಂದು ಸಲ ದುಡ್ಡು ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ದೂರದರ್ಶನ ನಡೆಸೋ ಪ್ರಸಾರ ಭಾರತಿಯವರು 2024ರಲ್ಲಿ ವೇವ್ಸ್ ಅಂತ ಆ್ಯಪ್ ಕೂಡ ತಂದಿದ್ದಾರೆ. ಯಾರೂ ಹಾಕಿಕೊಳ್ಳಲ್ಲ, ಫ್ರೀ ಅಂದರೆ ನಮಗೆ ಅನುಮಾನ. ಅದೇ ದುಡ್ಡು ಕೊಟ್ಟು ಆ್ಯಪ್‌ನ ಮೊಬೈಲ್ ಪ್ಲಾನ್ ತಗೊಂಡು, ಟಿವಿಗೆ ಯಾಕೆ ಬರ್ತಿಲ್ಲ ಅಂತ ನನಗೆ ಕಮೆಂಟ್ ಹಾಕ್ತೀರಿ. ಹೆಸರಲ್ಲೇ ಇದೆಯಲ್ಲ, ಮೊಬೈಲ್ ಪ್ಲಾನ್!

ಒಂದು ತಿಂಗಳು, ಒಂದು ಆ್ಯಪ್. ಅಷ್ಟೇ. ಯಾಕೆ ಅಂತ ಮತ್ತೆ ಕೇಳಬೇಡಿ, ಹೇಳಿದ್ದಾಯಿತು. ಐದು ಆ್ಯಪ್ ಇಟ್ಟುಕೊಂಡು ರಾತ್ರಿ ಕೊನೆಗೆ ನೋಡೋದು ಏನು? ಯೂಟ್ಯೂಬ್‌ನಲ್ಲಿ ನನ್ನನ್ನ! ಹಾಗಿದ್ದ ಮೇಲೆ ಸಬ್‌ಸ್ಕ್ರೈಬ್ ಒತ್ತೋಕೆ ಏನು ಕಷ್ಟ? ಅದಕ್ಕೆ ದುಡ್ಡಿಲ್ಲ. ಪಕ್ಕದಲ್ಲಿ ಮೆಂಬರ್‌ಶಿಪ್ ಬಟನ್ ಇದೆ, ಅದಕ್ಕೆ ಮಾತ್ರ ಇದೆ. ಹೌದು, ಅದೂ ಪ್ರತಿ ತಿಂಗಳು ತಾನಾಗೇ ಕಡಿತ ಆಗುತ್ತದೆ. ಅದೊಂದನ್ನ ತೆಗೀಬೇಡ್ರಿ.